ವಿದ್ಯೆಯನ್ನೇ ದಾಸೋಹವಾಗಿಸಿದ ಗುರು

ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಮೊದಲ ಸ್ಥಾನ ಗುರುವಿಗೆ. ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ತಲೆಯ ಮೇಲೆ ಕೈಯಿಡುತ್ತಾನೆ, ಕಿವಿಯಲ್ಲಿ ಪಂಚಾಕ್ಷರಿ ಮಂತ್ರವನ್ನು ಉಸುರುತ್ತಾನೆ, ಅಂಗೈಯಲ್ಲಿ ಇಷ್ಟಲಿಂಗವನ್ನು ಇಡುತ್ತಾನೆ. ಸದ್ಭಕ್ತರು ಒಂದು ಕ್ಷಣ ನಿಂತು ಯೋಚಿಸಬೇಕು. ತಲೆಗೆ ಸ್ಪರ್ಶ, ಕಿವಿಗೆ ಶಬ್ದ, ಅಂಗೈಗೆ ಲಿಂಗ. ಇವುಗಳನ್ನು ಪಡೆಯಲು ಶಿಷ್ಯನಿಗೆ ಕಣ್ಣೇ ಬೇಕೆಂದಿಲ್ಲ. ಹುಟ್ಟುಗುರುಡನೂ ಗುರುವಿನಿಂದ ಇವೆಲ್ಲವನ್ನೂ ಪಡೆಯಬಲ್ಲ. ಗುರುವಿನ ಕರುಣೆಗೆ ಅಂಗವೈಕಲ್ಯದ ಅಡ್ಡಿಯಿಲ್ಲ ಎಂಬುದನ್ನು ನಮ್ಮ ಹಿರಿಯರು ಆಚರಣೆಯಲ್ಲೇ ಹೇಳಿಟ್ಟಿದ್ದಾರೆ. ಆ ಮಾತನ್ನು ಬದುಕಿ ತೋರಿಸಿದವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಇಂದು ಅವರ ಸ್ಮರಣೆ ಮಾಡೋಣ.

ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಶ್ರಾವಣವೆಂದರೆ ಜಡಿಮಳೆಯ ಕಾಲ. ತೋಟದ ಕೆಲಸ ಹಗುರಾಗಿರುತ್ತದೆ. ಸಂಜೆ ಕಂಬಳಿ ಹೊದ್ದು ಬಂದ ಭಕ್ತರು ಮಠದಲ್ಲೋ ಗುಡಿಯಲ್ಲೋ ಪುರಾಣ ಕೇಳಲು ಕೂಡುತ್ತಾರೆ. ಪುರಾಣ ಪ್ರವಚನವೆಂದ ಮೇಲೆ ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಒಬ್ಬ ಗವಾಯಿ, ಒಬ್ಬ ತಬಲಾದವರು ಇರಲೇಬೇಕು. ಆ ಗವಾಯಿ ಕಣ್ಣಿಲ್ಲದವರಾಗಿದ್ದರೂ ನಮಗೆ ಆಶ್ಚರ್ಯವೆನಿಸುವುದಿಲ್ಲ. ಗದಗಿನವರು ಎಂದು ಗೌರವದಿಂದ ಆಸನ ಕೊಡುತ್ತೇವೆ. ಕಣ್ಣಿಲ್ಲದವನೆಂದರೆ ಬಾಗಿಲ ಹೊರಗೆ ನಿಂತು ಬೇಡುವವನು ಎಂದೇ ಲೋಕ ತಿಳಿದಿದ್ದ ಕಾಲವೊಂದಿತ್ತು. ಅಲ್ಲಿಂದ ಅವನು ಮಠದ ಒಳಗೆ ಬಂದು ಗದ್ದುಗೆಯ ಸಮೀಪ ಕುಳಿತು ಹಾಡುವಂತಾಗಲು ಒಬ್ಬ ಗುರು ಇಡೀ ಜನ್ಮವನ್ನು ಸವೆಸಬೇಕಾಯಿತು.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. 1997ರಿಂದ ಹಾವೇರಿ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ, ಮನೆತನದ ಹೆಸರು ಚರಂತಿಮಠ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟುವಾಗಲೇ ಕಣ್ಣಿಗೆ ಬೆಳಕಿರಲಿಲ್ಲ. ಅಣ್ಣನಿಗೂ ಅದೇ ಗತಿ. ಒಂದೇ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ದೃಷ್ಟಿಯಿಲ್ಲ. ಹೆತ್ತ ಕರುಳು ಎಷ್ಟು ನೊಂದಿರಬೇಕು! ಆದರೆ ಶಿವನು ಒಂದು ಬಾಗಿಲು ಮುಚ್ಚಿದರೂ ಆ ಮಕ್ಕಳ ಕಂಠವನ್ನು ಬರಿದು ಮಾಡಿರಲಿಲ್ಲ. ಕೇಳಿದ ಪದವನ್ನು ಕೇಳಿದಂತೆಯೇ ಹಾಡುವ ಶಕ್ತಿ ಇಬ್ಬರಲ್ಲೂ ಎಳವೆಯಲ್ಲೇ ಕಾಣಿಸಿತು.

ಆ ಕಾಲದ ಸ್ಥಿತಿಯನ್ನು ಇಂದಿನವರು ತಿಳಿಯಬೇಕು. ನಮ್ಮ ದೇಶದಲ್ಲಿ ಅಂಧರಿಗಾಗಿಯೇ ಒಂದು ಶಾಲೆ ಮೊದಲು ತೆರೆದದ್ದು 1887ರಲ್ಲಿ, ದೂರದ ಅಮೃತಸರದಲ್ಲಿ. ಫ್ರಾನ್ಸ್ ದೇಶದಲ್ಲಿ ತಾನೂ ಅಂಧನಾಗಿದ್ದ ಲೂಯಿ ಬ್ರೈಲ್ ಎಂಬ ಮಹಾನುಭಾವ 1829ರಷ್ಟು ಹಿಂದೆಯೇ ಬೆರಳಿನಿಂದ ಮುಟ್ಟಿ ಓದುವ ಚುಕ್ಕಿ ಲಿಪಿಯನ್ನು ಪ್ರಕಟಿಸಿದ್ದನು. ಆದರೆ ಹಾನಗಲ್ಲ ಸೀಮೆಯ ಹಳ್ಳಿಯ ಮಗುವಿಗೆ ಅದರಿಂದೇನು? ಕಣ್ಣಿಲ್ಲದ ಮಗನಿಗೆ ಎರಡು ಹೊತ್ತು ಅನ್ನ ಹಾಕಿದರೆ ಅದೇ ಪುಣ್ಯ ಎಂದು ಜನ ತಿಳಿದಿದ್ದರು. ಅವನಿಗೂ ಒಂದು ಉದ್ಯೋಗ ಬೇಕು, ಅವನ ಕೈಗೂ ಒಂದು ಘನತೆ ಬೇಕು ಎಂಬ ವಿಚಾರವೇ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಹಾನಗಲ್ಲ ಕುಮಾರ ಮಹಾಸ್ವಾಮಿಗಳಿಗೆ. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಆ ಮಹಾತ್ಮರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕಟ್ಟಿದವರು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು. ಸಮಾಜವೆಲ್ಲ ತಮ್ಮತ್ತ ನೋಡುತ್ತಿದ್ದ ಆ ದಿನಗಳಲ್ಲಿ ಅವರಿಗೆ ಕೆಲಸವೇನು ಕಡಿಮೆಯೇ? ಆದರೂ ಇಬ್ಬರು ಕುರುಡು ಬಾಲಕರ ಹಾಡು ಅವರ ಕಿವಿಗೆ ಬಿತ್ತು, ಮನಸ್ಸಿಗೂ ತಟ್ಟಿತು. ಅಣ್ಣತಮ್ಮಂದಿರ ಭಾರವನ್ನು ತಾವೇ ವಹಿಸಿಕೊಂಡರು. ದೊಡ್ಡ ಕಾರ್ಯಗಳ ನಡುವೆ ಸಣ್ಣ ಜೀವದ ಕೂಗನ್ನು ಕೇಳಿಸಿಕೊಳ್ಳುವ ಗುಣವೇ ಗುರುತ್ವದ ಲಕ್ಷಣವೆಂದು ನಾವು ತಿಳಿಯುತ್ತೇವೆ.

ಕುಮಾರ ಸ್ವಾಮಿಗಳು ಆ ಬಾಲಕರನ್ನು ಮಠದ ಒಂದು ಮೂಲೆಯಲ್ಲಿ ಕೂರಿಸಿ ಪ್ರಸಾದ ಬಡಿಸಿ ಸಾಕಬಹುದಿತ್ತು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರ ಕರುಣೆ ಅಷ್ಟಕ್ಕೆ ನಿಲ್ಲಲಿಲ್ಲ. ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿಸಲು ಏರ್ಪಾಡು ಮಾಡಿದರು. ಗದಿಗೆಯ್ಯನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಹಲವು ವರ್ಷ ಕಲಿಸಿದರು. ಅದಾದ ಮೇಲೆ ಹಿಂದೂಸ್ತಾನಿ ಸಂಗೀತವೂ ಬರಬೇಕೆಂದು ಉಸ್ತಾದ್ ವಹೀದ್ ಖಾನರನ್ನು ಶಿವಯೋಗ ಮಂದಿರಕ್ಕೇ ಕರೆಸಿದರು. ಹೀಗೆ ಎರಡೂ ಪದ್ಧತಿಗಳಲ್ಲಿ ನುರಿತ ಶಿಷ್ಯನು ಮುಂದೆ ಉಭಯಗಾನ ವಿಶಾರದನೆನಿಸಿದನು. ಗದಿಗೆಯ್ಯನಿಗೆ ಪಂಚಾಕ್ಷರಿ ಎಂಬ ಹೆಸರೂ ಗುರುವಿನಿಂದಲೇ ಬಂತು. ಮಂತ್ರದ ಹೆಸರನ್ನೇ ಮೈಮೇಲೆ ಹೊತ್ತು ನಡೆಯುವ ಭಾಗ್ಯ ಆ ಬಾಲಕನದಾಯಿತು.

ವಟುಗಳು ಶಿವಯೋಗ ಸಾಧನೆ ಮಾಡುವ ಸ್ಥಳಕ್ಕೆ ಮುಸಲ್ಮಾನ ಉಸ್ತಾದರೊಬ್ಬರು ಗುರುವಾಗಿ ಬಂದರು. ವಿದ್ಯೆ ಯಾರಲ್ಲಿದೆಯೋ ಅವರೇ ಗುರು ಎಂದು ಕುಮಾರ ಸ್ವಾಮಿಗಳು ಕಂಡರು. ಮಠವೆಂದು ಉಸ್ತಾದರು ಸಂಕೋಚಪಡಲಿಲ್ಲ, ಮಠವೂ ಅವರನ್ನು ಬೇರೆಯವರೆಂದು ಬಗೆಯಲಿಲ್ಲ. ನಮ್ಮ ಕಾಫಿ ಗುಡ್ಡದ ಜನರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಈ ಸೀಮೆಗೆ ಅನ್ನ ಕೊಟ್ಟ ಕಾಫಿಯ ಏಳು ಬೀಜಗಳನ್ನು ಅರಬ್ ನಾಡಿನಿಂದ ತಂದವರು ಬಾಬಾ ಬುಡನ್ ಎಂಬ ಸಾಧುಗಳೆಂದು ನಾವೆಲ್ಲ ನಂಬಿದ್ದೇವೆ. ಬೀಜ ಯಾರ ಕೈಯಿಂದ ಬಂದರೇನು, ನೆಟ್ಟವನ ಹೊಟ್ಟೆ ತುಂಬುತ್ತದೆ. ಸ್ವರವೂ ಹಾಗೆಯೇ.

ಕಲಿತ ಮೇಲೆ ಪಂಚಾಕ್ಷರಿ ಗವಾಯಿಗಳ ಮುಂದೆ ಎರಡು ದಾರಿ ಇದ್ದವು. ಆ ಕಂಠಕ್ಕೆ, ಆ ವಿದ್ವತ್ತಿಗೆ ಕಚೇರಿಗಳು ಸಿಗುತ್ತಿದ್ದವು. ತಮ್ಮ ಪಾಡಿಗೆ ತಾವು ಗೌರವದಿಂದ ಬಾಳಬಹುದಿತ್ತು. ಅವರು ಹಿಡಿದದ್ದು ಎರಡನೆಯ ದಾರಿಯನ್ನು. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಹಾಕಿಕೊಂಡು 1914ರಲ್ಲಿ ಸಂಗೀತ ಶಾಲೆಯನ್ನು ಆರಂಭಿಸಿದರು. ಬ್ರಹ್ಮಚಾರಿಗಳಾಗಿಯೇ ಉಳಿದು ಆ ಮಕ್ಕಳನ್ನೇ ತಮ್ಮ ಸಂಸಾರವೆಂದು ಬಗೆದರು. ಗುರು ತಮಗೆ ಕೊಟ್ಟದ್ದನ್ನು ಗುರುವಿಗೆ ಹಿಂತಿರುಗಿಸಲು ಆಗುವುದಿಲ್ಲ. ಮುಂದಿನವರಿಗೆ ಕೊಟ್ಟರೆ ಮಾತ್ರ ಆ ಋಣ ತೀರುತ್ತದೆ. ಇದನ್ನು ಅವರು ಚೆನ್ನಾಗಿ ಅರಿತಿದ್ದರು.

ಆ ಶಾಲೆಗೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಅದು ಊರಿಂದ ಊರಿಗೆ ನಡೆಯುವ ಶಾಲೆ. ಯಾವ ಊರಿನಲ್ಲಿ ಭಕ್ತರು ಆದರಿಸಿದರೋ ಅಲ್ಲಿ ಕೆಲವು ಕಾಲ ಬಿಡಾರ. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಪಾಠ. ಭಕ್ತರು ಕೊಟ್ಟ ಜೋಳವೇ ದಾಸೋಹಕ್ಕೆ ಆಧಾರ. ಸದ್ಭಕ್ತರು ಆ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮುಂದೆ ನಡೆಯುವ ಗುರುವಿಗೂ ಕಣ್ಣಿಲ್ಲ, ಹಿಂದೆ ಬರುವ ಮಕ್ಕಳಲ್ಲಿ ಅನೇಕರಿಗೂ ಕಣ್ಣಿಲ್ಲ. ಕುರುಡನು ಕುರುಡನಿಗೆ ದಾರಿ ತೋರಿಸಿದರೆ ಇಬ್ಬರೂ ಹಳ್ಳಕ್ಕೆ ಬೀಳುತ್ತಾರೆ ಎನ್ನುವುದು ಲೋಕದ ಮಾತು. ಆ ಮಾತು ಇಲ್ಲಿ ಸುಳ್ಳಾಯಿತು. ದಾರಿಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಮುಳ್ಳಿದೆ ಎಂಬುದು ಅದನ್ನು ತುಳಿದು ಬಂದವನಿಗೇ ಚೆನ್ನಾಗಿ ಗೊತ್ತು.

ಮಕ್ಕಳ ಸಂಖ್ಯೆ ಬೆಳೆದಂತೆ ಖರ್ಚೂ ಬೆಳೆಯಿತು. ಬೇಡಿ ತಂದದ್ದು ಸಾಲದಾದಾಗ ನಾಟಕ ಮಂಡಳಿಯೊಂದನ್ನು ಕಟ್ಟಿ, ಅದರ ಉತ್ಪನ್ನದಿಂದ ಮಕ್ಕಳಿಗೆ ಅನ್ನ ಹಾಕುವ ಏರ್ಪಾಡು ಆಯಿತು. ಗುರುವಿನ ಹೆಸರು ಮರೆಯದಂತೆ ಮಂಡಳಿಯ ಹೆಸರಿನಲ್ಲಿ ಕುಮಾರೇಶ್ವರರ ಕೃಪೆಯನ್ನು ಸೇರಿಸಿದರು. ಸನ್ಯಾಸ ಮನೋಭಾವದ ಸಾಧಕನು ನಾಟಕದ ಕಂಪನಿ ನಡೆಸುವುದು ಹೇಗೆ ಎಂದು ಇಂದಿಗೂ ಕೆಲವರು ಕೇಳಬಹುದು. ಮಕ್ಕಳ ಹಸಿವಿನ ಮುಂದೆ ತಮ್ಮ ಬಿಂಕವನ್ನು ದೊಡ್ಡದು ಮಾಡದಿರುವುದೂ ಕರುಣೆಯೇ. ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸುವುದು ಶರಣರ ದಾರಿ. ರಂಗದ ಮೇಲೆ ಹಾಡುವುದೂ ಬಣ್ಣ ಹಚ್ಚುವುದೂ ಅವರಿಗೆ ಕಾಯಕವೇ ಆಯಿತು. ಮುಂದೆ ಗದಗಿನ ಬಸರಿಗಿಡದ ವೀರಪ್ಪನವರು ನೆರವಾದರು. ಅಲೆದಾಡುತ್ತಿದ್ದ ಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಲ್ಲಿ ನೆಲೆಗೊಂಡಿತು.

ಕಣ್ಣಿಲ್ಲದವರಿಗೆ ಪಾಠ ಹೇಳುವುದು ಸುಲಭವಲ್ಲ. ಸ್ವರಲಿಪಿಯನ್ನು ಹಲಗೆಯ ಮೇಲೆ ಬರೆದು ತೋರಿಸುವಂತಿಲ್ಲ. ಗುರು ಹಾಡಿದ್ದನ್ನು ಶಿಷ್ಯನು ಕಿವಿಯಲ್ಲೇ ಹಿಡಿದಿಟ್ಟುಕೊಳ್ಳಬೇಕು. ತಪ್ಪಿದರೆ ಮತ್ತೆ ಹಾಡಬೇಕು, ಮತ್ತೂ ತಪ್ಪಿದರೆ ಮತ್ತೂ ಹಾಡಬೇಕು. ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಬೆರಳನ್ನು ಹಿಡಿದು ಇಡಬೇಕು, ತಬಲಾದ ಕರಣೆಯ ಮೇಲೆ ಅಂಗೈಯನ್ನು ತಾನೇ ತಟ್ಟಿಸಬೇಕು. ಒಂದು ಸ್ವರಕ್ಕೆ ನೂರು ಸಲ ತಾಳ್ಮೆ ಬೇಕು. ಪಂಚಾಕ್ಷರಿ ಗವಾಯಿಗಳು ಸ್ವತಃ ಹಾಗೆಯೇ ಕಲಿತವರಾದ್ದರಿಂದ ಮಗುವಿನ ಕಷ್ಟ ಎಲ್ಲಿದೆ ಎಂಬುದನ್ನು ಬಲ್ಲರು. ಅವರಲ್ಲಿ ಒಬ್ಬನಿಗೆ ಕಂಠ ಒಲಿಯಿತು, ಒಬ್ಬನಿಗೆ ಪಿಟೀಲು ಒಲಿಯಿತು, ಇನ್ನೊಬ್ಬನಿಗೆ ತಬಲಾ ಒಲಿಯಿತು. ಕಣ್ಣಿದ್ದ ಬಡ ಮಕ್ಕಳೂ ಆ ಸಾಲಿನಲ್ಲಿ ಕುಳಿತು ಕಲಿತರು, ಒಂದೇ ಪಂಕ್ತಿಯಲ್ಲಿ ಉಂಡರು.

ನಮ್ಮ ತೋಟಗಳನ್ನು ನೋಡಿ ಬೆಳೆದವರಿಗೆ ಗುರುವಿನ ಕರುಣೆಯ ಸ್ವರೂಪವನ್ನು ಬೇರೆ ಉಪಮೆಯಿಂದ ಹೇಳಬೇಕಿಲ್ಲ. ಎಳೆಯ ಕಾಫಿ ಗಿಡಕ್ಕೆ ಹಾಲುವಾಣದ ನೆರಳು ಬೇಕು. ನೆರಳಿಲ್ಲದಿದ್ದರೆ ಬೇಸಿಗೆಯ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ಹಾಗೆಂದು ನೆರಳನ್ನು ಮಿತಿಮೀರಿ ಬೆಳೆಯಲು ಬಿಟ್ಟರೆ ಗಿಡ ಹಸಿರಾಗಿ ಕಾಣುತ್ತದೆಯೇ ಹೊರತು ಫಸಲು ಕೊಡುವುದಿಲ್ಲ. ಅದಕ್ಕೇ ತಿಳಿದ ಬೆಳೆಗಾರನು ಕಾಲಕ್ಕೆ ಸರಿಯಾಗಿ ಮರಗಸಿ ಮಾಡಿಸುತ್ತಾನೆ. ಗುರುವಿನ ಕರುಣೆಯೂ ಅಂಥದೇ. ಅನಾಥ ಮಗುವಿಗೆ ಮೊದಲು ನೆರಳಾಗಬೇಕು, ಆಮೇಲೆ ಬಿಸಿಲು ಬೀಳಲೂ ಬಿಡಬೇಕು. ಕುರುಡು ಮಗು ಪಾಪ ಎಂದು ಸಾಧನೆಯಲ್ಲಿ ರಿಯಾಯಿತಿ ಕೊಟ್ಟಿದ್ದರೆ ಗದಗಿನಿಂದ ಗವಾಯಿಗಳು ಬರುತ್ತಿರಲಿಲ್ಲ. ಬರಿಯ ಮರುಕ ಮಗುವನ್ನು ಕೂರಿಸಿಬಿಡುತ್ತದೆ. ಗುರುವಿನ ಕರುಣೆ ಅದನ್ನು ಎಬ್ಬಿಸಿ ನಡೆಸುತ್ತದೆ.

ಈ ಕರುಣೆಯಲ್ಲಿ ಅರಳಿದ ಹೂಗಳಲ್ಲಿ ಮೊದಲು ನೆನೆಯಬೇಕಾದವರು ಪುಟ್ಟರಾಜ ಗವಾಯಿಗಳು. ಹಾವೇರಿಯ ಬಳಿಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಆ ಮಗು ಎಳವೆಯಲ್ಲೇ ದೃಷ್ಟಿಯನ್ನು ಕಳೆದುಕೊಂಡಿತು, ಹೆತ್ತವರ ಆಸರೆಯನ್ನೂ ಕಳೆದುಕೊಂಡಿತು. ಸೋದರಮಾವ ಸಾಕಿ ಗವಾಯಿಗಳ ಮಡಿಲಿಗೆ ಒಪ್ಪಿಸಿದರು. ಗುರುವು ಆ ಬಾಲಕನಿಗೆ ಸಂಗೀತದ ಎರಡು ಪದ್ಧತಿಗಳನ್ನೂ ಹಲವು ವಾದ್ಯಗಳನ್ನೂ ಕಲಿಸಿದರು. ಪುಟ್ಟರಾಜರು ಕವಿಗಳೂ ಆದರು, ಪುರಾಣಗಳನ್ನು ರಚಿಸಿದರು, ನಾಟಕಗಳನ್ನು ಬರೆದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಅಕ್ಷರವನ್ನು ಕಣ್ಣಿಂದ ಕಾಣದವರು ಲೋಕಕ್ಕೆ ಗ್ರಂಥಗಳನ್ನು ಕೊಟ್ಟರು.

ಯಲಿವಾಳದ ಬಸವರಾಜ ರಾಜಗುರುಗಳು ಇನ್ನೊಬ್ಬ ಶಿಷ್ಯರು. ಕಣ್ಣಿದ್ದವರು, ಆದರೆ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ಪಂಚಾಕ್ಷರಿ ಗವಾಯಿಗಳು ಅವರನ್ನು ಕರೆದುಕೊಂಡು ಬಂದು ತಿದ್ದಿ ತೀಡಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಯುವಕ ರಾಜಗುರುಗಳ ಗಾಯನವಿತ್ತು. ಅಂದು ತಬಲಾ ನುಡಿಸಲು ಕುಳಿತವರು ಯಾರು? ಗುರುಗಳೇ! ದೊಡ್ಡ ವಿದ್ವಾಂಸರು ತಮ್ಮ ಶಿಷ್ಯನ ಪಕ್ಕದಲ್ಲಿ ಸಾಥಿಗಾರರಾಗಿ ಕುಳಿತು, ಅವನ ಹಾಡಿಗೆ ತಾಳವನ್ನು ಹಿಡಿದರು. ಸಭೆಯ ಕಣ್ಣೆಲ್ಲ ಶಿಷ್ಯನ ಮೇಲಿರಲಿ, ತಾನು ಬೆನ್ನಿಗಿದ್ದರೆ ಸಾಕು ಎಂಬ ಭಾವ ಎಲ್ಲ ಗುರುಗಳಿಗೂ ಬರುವಂಥದಲ್ಲ. ಶಿಷ್ಯನಿಂದ ಸೋಲನ್ನು ಬಯಸುವುದೇ ಗುರುವಿನ ಹಿರಿಮೆ ಎಂದು ಹಿರಿಯರು ಹೇಳುವುದು ಇದಕ್ಕೇ. ರಾಜಗುರುಗಳು 1991ರಲ್ಲಿ ತೀರಿಕೊಳ್ಳುವವರೆಗೂ ದೇಶದ ದೊಡ್ಡ ಗಾಯಕರಲ್ಲಿ ಒಬ್ಬರೆನಿಸಿದ್ದರು.

ಶರಣರ ವಚನಗಳು ಇಂದು ಮನೆಮನೆಯಲ್ಲಿ ಕೇಳಿಬರುತ್ತವೆ. ಇದರಲ್ಲಿಯೂ ಗವಾಯಿಗಳ ಪಾಲಿದೆ. ವಿಜಯಪುರದ ಫ.ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಹುಡುಕಿ ವಚನಶಾಸ್ತ್ರಸಾರವನ್ನು ಮುದ್ರಿಸಿದ್ದು 1923ರಲ್ಲಿ. ಮುದ್ರಣದಿಂದ ಓದುಬಲ್ಲವರಿಗೆ ವಚನ ದೊರಕಿತು. ಓದಲು ಬಾರದ ಒಕ್ಕಲಮಕ್ಕಳಿಗೆ, ಹೆಂಗಸರಿಗೆ ಅದನ್ನು ತಲುಪಿಸಿದ್ದು ಹಾಡು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರೂ ವಚನಗಳನ್ನು ರಾಗಕ್ಕೆ ಅಳವಡಿಸಿ ಊರೂರಿನಲ್ಲಿ ಹಾಡಿದರು. ಲೋಕವು ಯಾರನ್ನು ಕಾಣದವರೆಂದು ಕರೆದಿತ್ತೋ ಅವರೇ ಓದಲಾರದವರಿಗೆ ಶರಣರ ಮಾತನ್ನು ಕಾಣಿಸಿದರು.

ಕುಮಾರ ಮಹಾಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ನೆರಳಾಗಿದ್ದ ಮರ ಉರುಳಿದರೂ ಪಂಚಾಕ್ಷರಿ ಗವಾಯಿಗಳು ಎದೆಗುಂದದೆ ಇನ್ನೂ 14 ವರ್ಷ ಆಶ್ರಮವನ್ನು ನಡೆಸಿದರು. 1944ರ ಜೂನ್ 11ರಂದು ಅವರೂ ಶಿವನ ಪಾದ ಸೇರಿದರು. ಆಗ ಅವರ ವಯಸ್ಸು 52. ಮೂವತ್ತರ ಹರೆಯದ ಪುಟ್ಟರಾಜರು ಆ ಹೊಣೆಯನ್ನು ಹೊತ್ತು, 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ 66 ವರ್ಷ ನಡೆಸಿದರು. ಹಾನಗಲ್ಲ ಗುರುವಿನಲ್ಲಿ ಹುಟ್ಟಿದ ಕರುಣೆ ಪಂಚಾಕ್ಷರಿಯವರಲ್ಲಿ ಹರಿದು ಪುಟ್ಟರಾಜರಲ್ಲಿ ಹೊಳೆಯಾಯಿತು. ಗವಾಯಿಗಳ ಜೀವನವನ್ನು ಕುರಿತು 1995ರಲ್ಲಿ ತೆರೆಗೆ ಬಂದ ಚಲನಚಿತ್ರವನ್ನು ನಮ್ಮ ಹಳ್ಳಿಗಳ ಹಿರಿಯರು ನೋಡಿ ಕಣ್ಣೀರು ಒರೆಸಿಕೊಂಡದ್ದುಂಟು. ಅದರ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಸಂಗೀತಕ್ಕಾಗಿ ಹಂಸಲೇಖ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು.

ಕಣ್ಣೀರು ಒರೆಸಿಕೊಂಡು ಮನೆಗೆ ಬಂದರೆ ಸಾಕೇ ಎಂಬುದು ನಮ್ಮ ಪ್ರಶ್ನೆ. ನಮ್ಮ ಗುಡ್ಡದ ಸೀಮೆಯಲ್ಲಿ ಮನೆಯಿಂದ ಮನೆಗೆ ದೂರ, ಊರಿಂದ ಶಾಲೆಗೆ ದೂರ. ಒಂಟಿಮನೆಯಲ್ಲೋ ತೋಟದ ಲೈನಿನಲ್ಲೋ ಕಣ್ಣಿಲ್ಲದ, ಕಿವಿ ಕೇಳದ, ಕಾಲು ಬಾರದ ಮಗುವೊಂದು ಇದ್ದರೆ ಅದು ಹೊರಗಿನವರ ಕಣ್ಣಿಗೇ ಬೀಳದೆ ಬೆಳೆದುಬಿಡುತ್ತದೆ. ಹೆತ್ತವರಿಗೆ ಪ್ರೀತಿ ಇಲ್ಲವೆಂದಲ್ಲ. ಮಳೆ, ಹಳ್ಳ, ಜಾರುವ ದಾರಿ. ಎಲ್ಲಿಗೆ ಕಳುಹಿಸುವುದು, ಹೇಗೆ ಕಳುಹಿಸುವುದು ಎಂಬ ಅಂಜಿಕೆ. ಹಬ್ಬದ ದಿನ ನೆಂಟರು ಬಂದಾಗ ಆ ಮಗುವನ್ನು ಒಳಮನೆಯಲ್ಲೇ ಇರಿಸುವ ಪದ್ಧತಿ ಪೂರ್ತಿ ಹೋಗಿದೆಯೆಂದು ಎದೆಮುಟ್ಟಿ ಹೇಳಲು ನಮಗೆ ಧೈರ್ಯವಿಲ್ಲ. ಹೋದಾಗ ಬಂದಾಗ ಅದರ ಕೈಗೆ ಹತ್ತು ರೂಪಾಯಿ ಇಟ್ಟು ಪುಣ್ಯ ಬಂತೆಂದು ತಿಳಿಯುವವರಿದ್ದಾರೆ. ಅದು ತಪ್ಪಲ್ಲ. ಆದರೆ ಆ ಹತ್ತು ರೂಪಾಯಿ ಸಂಜೆಗೆ ಮುಗಿಯುತ್ತದೆ.

ಗದಿಗೆಯ್ಯನ ಕಾಲದಲ್ಲಿ ಇಲ್ಲದ ಅನುಕೂಲಗಳು ಇಂದು ಇವೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಅದು ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಕನ್ನಡಕ್ಕೂ ಬ್ರೈಲ್ ಲಿಪಿ ಇದೆ. ಬರೆದದ್ದನ್ನು ಓದಿ ಹೇಳುವ ಮೊಬೈಲು ಕೈಯಲ್ಲೇ ಇದೆ. ಆದರೆ ಕಾಯ್ದೆ ತಾನಾಗಿ ಗುಡ್ಡ ಹತ್ತಿ ಬರುವುದಿಲ್ಲ. ಆ ಮಗುವಿನ ಹಾಡನ್ನು ಕೇಳಿಸಿಕೊಂಡು, ಕೈಹಿಡಿದು ಶಾಲೆಯ ಬಾಗಿಲವರೆಗೆ ಕರೆದೊಯ್ಯುವ ಒಬ್ಬ ಹಿರಿಯರು ಬೇಕು. ಕುಮಾರ ಸ್ವಾಮಿಗಳು ಮಾಡಿದ ಮೊದಲ ಕೆಲಸ ಅದೇ ಅಲ್ಲವೇ? ಊರಿಗೆ ಒಬ್ಬರು ಅಷ್ಟು ಮಾಡಿದರೆ ಅದು ಯಾವ ಪೂಜೆಗೂ ಕಡಿಮೆಯದಲ್ಲ.

ಈ ಪುಟವನ್ನು ಓದುವ ಹಿರಿಯರಲ್ಲಿ ಅನೇಕರು ಕೂಲಿಮಠದ ಐಗಳ ಕೈಯಲ್ಲೋ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರ ಕೈಯಲ್ಲೋ ಅಕ್ಷರ ಕಲಿತವರು. ಮಳೆಯಲ್ಲಿ ನೆನೆದು ಬಂದ ಹುಡುಗನನ್ನು ಒಲೆಯ ಮುಂದೆ ಕೂರಿಸಿ, ತಮ್ಮ ಬುತ್ತಿಯಲ್ಲೇ ಅರ್ಧ ಕೊಟ್ಟು, ಆಮೇಲೆ ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಂಡಿದ ಆ ಗುರುಗಳನ್ನು ಮರೆಯಲಾದೀತೇ? ಅವರ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ, ಅವರ ಮೇಲೆ ಚಲನಚಿತ್ರ ಆಗಲಿಲ್ಲ. ಪಂಚಾಕ್ಷರಿ ಗವಾಯಿಗಳನ್ನು ನೆನೆದಾಗ ಅವರೂ ನೆನಪಾಗಲಿ. ಬದುಕಿರುವವರಿದ್ದರೆ ಒಮ್ಮೆ ಹೋಗಿ ಪಾದಮುಟ್ಟಿ ಬನ್ನಿ. ಇಲ್ಲವಾಗಿದ್ದರೆ ಅವರ ಹೆಸರಿನಲ್ಲಿ ಒಂದು ಬಡ ಮಗುವಿಗೆ ಪುಸ್ತಕವನ್ನೋ ಒಂದು ವಾದ್ಯವನ್ನೋ ಕೊಡಿಸಿ.

ಅನ್ನದಾಸೋಹ ದೊಡ್ಡದು, ಅದು ಇಂದಿನ ಹಸಿವನ್ನು ತಣಿಸುತ್ತದೆ. ವಿದ್ಯೆಯ ದಾಸೋಹ ಇನ್ನೂ ದೊಡ್ಡದು. ಅದನ್ನು ಉಂಡವನು ನಾಳೆ ತಾನೇ ಬಡಿಸುವವನಾಗುತ್ತಾನೆ. ಬೇಡುವ ಕೈಯನ್ನು ನೀಡುವ ಕೈಯನ್ನಾಗಿ ಮಾಡುವುದೇ ಗುರುವಿನ ಕರುಣೆಯ ಕೊನೆಯ ಗುರಿ. ಪಂಚಾಕ್ಷರಿ ಗವಾಯಿಗಳ ಬದುಕು ನಮಗೆ ಕಲಿಸುವ ಪಾಠ ಇಷ್ಟೇ. ಆ ಗುರುಪರಂಪರೆಯ ಕರುಣೆಯ ಒಂದು ಕಣವಾದರೂ ನಮ್ಮೆಲ್ಲರ ಮನೆಗಳಲ್ಲಿ ಬೆಳಗಲಿ, ಕಾಣದ ಮಗುವಿಗೆ ಕಾಣುವವರು ಕಣ್ಣಾಗಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.